ಹೊಳೆಗೆ ಹೋದ ತಿಂಡಿ ಡಬ್ಬಿ

ಎಲ್ಲದಕ್ಕೂ ಕಾರಣ ಒಂದು ಸ್ಟೀಲ್ ಡಬ್ಬಿ.

ಶನಿವಾರ ಬೆಳಿಗ್ಗೆ ಆರೂವರೆ. ವಾರವೆಲ್ಲ ಕಾದು ಪಡೆದ ನಿದ್ದೆಯನ್ನು ಚಾಮರಾಜ ಅಪ್ಪಿಕೊಂಡು ಮಲಗಿದ್ದ. ನಾಗಮಣಿ ಬಂದು ಹೊದಿಕೆ ಎಳೆದಳು.

“ರೀ, ಅಮ್ಮನ ಡಬ್ಬಿ.”

“ಉಂ?”

“ಅಮ್ಮನ ಡಬ್ಬಿ ರೀ! ಸಾಯಂಕಾಲ ಏಳೂವರೆಗೆ ಅಮ್ಮ ಏರ್‌ಪೋರ್ಟಲ್ಲಿ ಇಳೀತಾರೆ. ಮನೆಗೆ ಬಂದವ್ರೇ ಮೊದ್ಲು ಅಡುಗೆಮನೆಗೆ ಹೋಗ್ತಾರೆ. ಡಬ್ಬಿ ಎಲ್ಲಿ ಅಂತಾರೆ. ಐದು ತಿಂಗಳಿಂದ ಪಕ್ಕದ್ಮನೆ ಕಿಟಕೀಲಿ ಕೂತಿದೆ ಅಂತ ಹೇಳ್ಲಾ?”

ಚಾಮರಾಜನ ನಿದ್ದೆ ಹಾರಿಹೋಯಿತು. ಅತ್ತೆ ಚನ್ನಮ್ಮನವರ ಡಬ್ಬಿ ಸಾಮಾನ್ಯದ್ದಲ್ಲ. ಅವರ ಮದುವೆಗೆ ತಾಯಿ ಕೊಟ್ಟದ್ದು, ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ‘ಚನ್ನಮ್ಮ, ಟಿ. ನರಸೀಪುರ’ ಅಂತ ಕೊರೆಸಿದ್ದು. ಮೂವತ್ತು ವರ್ಷ ಆ ಮನೆಯ ಚಕ್ಕುಲಿ ಕಾದ ಡಬ್ಬಿ. ಮಗಳು ಐರ್ಲೆಂಡಿಗೆ ಹೊರಟಾಗ “ಜೋಪಾನ ಕಣೇ” ಅಂತ ಎರಡು ಸಲ ಹೇಳಿ ಕೊಟ್ಟಿದ್ದರು. ಅಳಿಯನ ಬಗ್ಗೆ ಒಂದೇ ಸಲ ಹೇಳಿದ್ದರು.

ಅದು ಪಕ್ಕದ ಮನೆ ಸೇರಿದ್ದರ ಹಿಂದೆ ಏಳು ವರ್ಷದ ಕತೆ ಇದೆ. ಕಾರ್ಕ್ ನಗರದ ಡಗ್ಲಸ್ ಬಡಾವಣೆಯ ಈ ಮನೆಗೆ ಬಂದ ಹೊಸದು. ಊರೆಲ್ಲ ಹಿಮ ಬಿದ್ದು ಟ್ಯಾಕ್ಸಿ, ಬಸ್ಸು ಎಲ್ಲ ನಿಂತ ಬೆಳಿಗ್ಗೆಯೇ ನಾಗಮಣಿಗೆ ಹೆರಿಗೆ ನೋವು ಬಂತು. ಚಾಮರಾಜ ಟ್ರೇನಿಂಗ್ ಅಂತ ದೂರದ ಲೀಕ್ಸ್‌ಲಿಪ್ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಪಕ್ಕದ ಮನೆಯ ಕಾನ್ ಎಂಬ ಮುದುಕ ದೋಣಿ ಎಳೆಯುವ ತನ್ನ ಹಳೇ ಜೀಪಿನಲ್ಲಿ ಅವಳನ್ನು ಕೂರಿಸಿಕೊಂಡು, ಮುಂದೆ ಹೆಂಡತಿ ಬ್ರೀಡಾಳನ್ನು ಸಲಿಕೆ ಹಿಡಿಸಿ ನಡೆಸಿಕೊಂಡು, ಆಸ್ಪತ್ರೆ ಮುಟ್ಟಿಸಿದ್ದ. ಅನನ್ಯಾ ಹುಟ್ಟಿದಾಗ ಮಗುವನ್ನು ಮೊದಲು ಎತ್ತಿಕೊಂಡ ಗಂಡಸು ಕಾನ್. ಅಪ್ಪ ಮೂರನೇ ದಿನ ಬಂದು ತಲುಪಿದ.

ಅದಾದ ಮೇಲೆ ಬ್ರೀಡಾ ಒಂದು ಆ್ಯಪಲ್ ಟಾರ್ಟ್ ಕಳಿಸಿದಳು. ತಟ್ಟೆ ವಾಪಸ್ ಕೊಡುವಾಗ ನಾಗಮಣಿ ಕೇಸರಿಬಾತು ಹಾಕಿದಳು. ಬಾಗಿಲಲ್ಲಿ ನಿಂತು ಚಾಮರಾಜ ದೊಡ್ಡ ವಿದ್ವಾಂಸನ ಹಾಗೆ ವಿವರಿಸಿದ: “ನಮ್ಮಲ್ಲಿ ಬೇರೆಯವರ ಪಾತ್ರೆ ಖಾಲಿ ಕಳಿಸೋ ಹಾಗಿಲ್ಲ. ಕಳಿಸಿದ್ರೆ ಮನೆಗೆ ಒಳ್ಳೇದಲ್ಲ.” ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ ಹಾಕಿದರೂ ನಡೆಯುತ್ತೆ ಅನ್ನುವ ಮುಖ್ಯ ಮಾತನ್ನು ಹೇಳಲು ಮರೆತ.

ಕಾನ್‌ನ ಅಜ್ಜಿ ಹಿತ್ತಲ ಮೋಹಿನಿಗಳಿಗೆ ಅಂತ ದಿನಾ ಬಟ್ಟಲು ಹಾಲಿಡುತ್ತಿದ್ದಳಂತೆ. ಇಂಥ ವಿಷಯ ಅವನಿಗೆ ಬೇಗ ಅರ್ಥವಾಗುತ್ತೆ. ಕೇಸರಿಬಾತಿನ ಬಟ್ಟಲಲ್ಲಿ ಬ್ರೌನ್ ಬ್ರೆಡ್ ಬಂತು. ಬ್ರೆಡ್ಡಿನ ಬುಟ್ಟಿಯಲ್ಲಿ ಕೋಡುಬಳೆ ಹೋಯಿತು. ಹೀಗೆ ಏಳು ವರ್ಷ ಎರಡು ಮನೆಯ ಬೇಲಿಯ ಮೇಲೆ ತಿಂಡಿಗಳು ಶಟಲ್ ಕಾಕಿನ ಹಾಗೆ ಹಾರಾಡಿದವು. ಕೊನೆಗೆ ಈ ಯುಗಾದಿಗೆ ಬೇರೆ ಡಬ್ಬಿ ಸಿಗದೆ ನಾಗಮಣಿ ಅಮ್ಮನ ಡಬ್ಬಿಯಲ್ಲೇ ಮೈಸೂರ್‌ಪಾಕು ಕಳಿಸಿದಳು.

ಅದು ವಾಪಸ್ ಬರಲಿಲ್ಲ.

ಚಾಮರಾಜ ಪಕ್ಕದ ಮನೆ ಬೆಲ್ ಒತ್ತಿದಾಗ ಡಬ್ಬಿ ಕಿಟಕಿಯಲ್ಲಿ ಫಳಫಳ ಹೊಳೆಯುತ್ತಿತ್ತು. ಬ್ರೀಡಾ ವಾರಕ್ಕೊಮ್ಮೆ ಉಜ್ಜುತ್ತಿದ್ದಳು. ಕಾನ್ ಬಾಗಿಲು ತೆಗೆದ.

“ಕಾನ್, ನಮ್ಮತ್ತೆ ಬರ್ತಿದಾರೆ. ಆ ಡಬ್ಬಿ ಕೊಟ್ಟಿದ್ರೆ...”

“ಖಾಲಿನಾ?” ಕಾನ್ ಎದೆ ಮೇಲೆ ಶಿಲುಬೆ ಗುರುತು ಮಾಡಿಕೊಂಡ. “ಅಂಥ ಪಾಪ ನನ್ನ ಕೈಲಿ ಮಾಡಿಸಬೇಡ ಬಾಯ್.” ಕಾರ್ಕಿನ ಜನರಿಗೆ ಎಂಬತ್ತು ವರ್ಷದವನೂ ‘ಬಾಯ್’.

“ಒಂದು ಚಮಚ ಸಕ್ಕರೆ ಹಾಕಿದ್ರೂ ಸಾಕು ಕಾನ್. ನಿಜವಾಗ್ಲೂ ಸಾಕು.”

“ಸಕ್ಕರೆ? ಆ ಸೈಜಿನ ಮೈಸೂರ್‌ಪಾಕಿಗೆ ಸಕ್ಕರೆ? ನನ್ನನ್ನ ಏನಂದ್ಕೊಂಡಿದೀಯ? ಅದರಲ್ಲಿ ನಾನು ಸಾಲ್ಮನ್ ಮೀನು ಹಾಕಿಯೇ ಕೊಡೋದು. ಬೇಸಿಗೆಯೆಲ್ಲ ಹೊಳೇಲಿ ನೀರಿಲ್ಲದೆ ಹೋಯ್ತು. ಲೈಸೆನ್ಸಲ್ಲಿ ಇನ್ನೂ ಒಂದು ಮೀನು ಹಿಡಿಯೋಕೆ ಟ್ಯಾಗ್ ಉಳಿದಿದೆ. ಸೀಸನ್ ಮುಗೀತಾ ಬಂತು. ಇವತ್ತೇ ಹೋಗೋಣ. ನೀನು ಹುಟ್ಟು ಹಾಕು, ನಾನು ಮೀನು ಹಿಡಿದು ಡಬ್ಬಿ ತುಂಬಿಸಿ ಕೊಡ್ತೀನಿ. ಗ್ರ್ಯಾಂಡ್? ಸರಿ ತಾನೇ?”

ಚಾಮರಾಜ ಹೇಳಬೇಕಾದ್ದು ಒಂದೇ ಮಾತು: ನಾವು ಮೀನು ತಿನ್ನಲ್ಲ. ಆದರೆ ಆ ಮಾತಿನ ದಾರಿಯನ್ನು ಅವನೇ ಮುಚ್ಚಿಕೊಂಡಿದ್ದ. ಮೊದಲ ಕ್ರಿಸ್‌ಮಸ್‌ನಲ್ಲಿ ಕಾನ್ ತಾನೇ ಹೊಗೆ ಹಾಕಿದ ಸಾಲ್ಮನ್ ತಟ್ಟೆಗೆ ಬಡಿಸಿದಾಗ, ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದವನ ಮನಸ್ಸು ನೋಯಿಸುವುದೆಂತು ಅಂತ, ಮೀನನ್ನು ಟಿಶ್ಯೂನಲ್ಲಿ ಸುತ್ತಿ ಬ್ರೀಡಾಳ ಹೂಕುಂಡದ ಹಿಂದೆ ತುರುಕಿ, “ಅದ್ಭುತ!” ಅಂದಿದ್ದ. ಮಾಂಸ ತಿನ್ನಲ್ಲ ಅನ್ನುವುದೇನೋ ಅವರಿಗೆ ಗೊತ್ತಿತ್ತು. ಆದರೆ ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ, ಮಾಂಸ ಬಿಡುವ ಶುಕ್ರವಾರದ ಊಟ.

“ಕರ್ಕೊಂಡು ಹೋಗು ಚಾಮ್,” ಒಳಗಿನಿಂದ ಬ್ರೀಡಾ ಕೂಗಿದಳು. “ದೋಣಿ ಒಂದಿನ ಆದ್ರೂ ನನ್ನ ಹಿತ್ತಲಿಂದ ತೊಲಗಲಿ! ಇಪ್ಪತ್ತಾರು ವರ್ಷದಿಂದ ಗುಡ್ಡೆ ಹಾಕ್ತಿದಾನೆ. ದೋಣಿ, ಚಕ್ರ ಇಲ್ಲದ ಕಾರವಾನು, ಇವನಪ್ಪನ ಸಿಮೆಂಟ್ ಮಿಕ್ಸರು, ಶೆಡ್ಡಲ್ಲಿ ಪಿಯಾನೋ. ಬಟ್ಟೆ ಒಣಗಿಸೋಕೆ ನನಗೆ ಒಂದು ಗಜ ಜಾಗ ಇಲ್ಲ.”

ಚಾಮರಾಜ ಅಲ್ಲೇ ಲೆಕ್ಕ ಹಾಕಿದ. ಮೀನು ಸಿಗದಿದ್ದರೆ ಡಬ್ಬಿ ಇಲ್ಲ. ಮೀನು ಸಿಕ್ಕರೆ ಡಬ್ಬಿಯೊಳಗೆ ಮೀನು. ಮೀನು ಮಲಗಿದ್ದ ಡಬ್ಬಿಯನ್ನು ಚನ್ನಮ್ಮನವರ ಕೈಗೆ ಕೊಡುವುದಕ್ಕಿಂತ ಅವನೇ ಅದರೊಳಗೆ ಮಲಗುವುದು ವಾಸಿ.

ಅವನು ಆಲೋಶಿಯಸ್‌ಗೆ ಫೋನ್ ಮಾಡಿದ. ಆಲೋಶಿಯಸ್ ಮಂಗಳೂರಿನವನು, ಎರಡು ಬೀದಿ ಆಚೆ ಇರುವವನು, ಮೀನಿನ ಹೆಸರೆತ್ತಿದರೆ ಎದ್ದು ನಿಲ್ಲುವವನು.

“ಎಂತ ಮಾರಾಯ, ಇಷ್ಟಕ್ಕೆ ಯಾಕೆ ಮಂಡೆಬಿಸಿ?” ಅಂದ ಆಲೋಶಿಯಸ್. “ನಾನು ಬರ್ತೇನೆ. ಮೀನು ನನ್ನ ಕೂಲ್ ಬಾಕ್ಸಿಗೆ, ಡಬ್ಬಿ ನಿನಗೆ. ಅಷ್ಟೇ ಅಲ್ವಾ?”

“ಕಾನ್ ಡಬ್ಬಿಗೇ ಹಾಕ್ತೀನಿ ಅಂತಾನೆ.”

“ಡಬ್ಬೀಲಿ ಜಾಗ ಇದ್ದರೆ ತಾನೇ? ದಂಡೇಲಿ ಬ್ಲ್ಯಾಕ್‌ಬೆರಿ ಹಣ್ಣಾಗಿದೆ. ಕಿತ್ತು ತುಂಬಿಸಿ ಇಡು. ಮತ್ತೆ ಮೀನು ಹೊರಗೇ ಅಲ್ವಾ?” ಫೋನಿನಾಚೆ ಅವನು ಹೆಂಡತಿಗೆ ಕೂಗುವುದು ಕೇಳಿಸಿತು: “ರೋಸೀ, ಮಸಾಲೆ ಅರೆ!”

ಅನನ್ಯಾ ಕಾರ್ನ್‌ಫ್ಲೇಕ್ಸ್ ತಿನ್ನುತ್ತಾ ಎಲ್ಲ ಕೇಳಿಸಿಕೊಂಡು, “ಡ್ಯಾಡ್, ಇಟ್ಸ್ ಓನ್ಲಿ ಎ ಬಾಕ್ಸ್, ಲೈಕ್,” ಅಂದಳು. ನಾಗಮಣಿ ಮಗಳನ್ನು ನೋಡಿದ ನೋಟಕ್ಕೆ ಕಾರ್ನ್‌ಫ್ಲೇಕ್ಸ್ ಸದ್ದೂ ನಿಂತಿತು.

ಒಂಬತ್ತೂವರೆಗೆ ಬ್ರೀಡಾ ಜೀಪಿನಲ್ಲಿ ಅವರನ್ನೂ ದೋಣಿಯನ್ನೂ ಬ್ಲ್ಯಾಕ್‌ವಾಟರ್ ಹೊಳೆಯ ಮೇಲಿನ ಸೇತುವೆ ಹತ್ತಿರ ಇಳಿಸಿದಳು. ಎರಡು ಮೈಲಿ ಕೆಳಗೆ ಇನ್ನೊಂದು ಸೇತುವೆ. ಹರಿವಿನ ಜೊತೆ ತೇಲಿಕೊಂಡು ಹೋಗುವುದು, ನಡುವೆ ಆಳವಾದ ಮಡುಗಳಲ್ಲಿ ಗಾಳ ಬೀಸುವುದು, ಕೊನೆಯಲ್ಲಿ ಬ್ರೀಡಾ ಬಂದು ಎತ್ತಿಕೊಳ್ಳುವುದು. “ಎರಡು ಗಂಟೆ ಸಾಕು,” ಅಂದ ಕಾನ್. ಡಬ್ಬಿಯನ್ನು ದೇವರ ಪೆಟ್ಟಿಗೆಯ ಹಾಗೆ ದೋಣಿಯ ಹಿಂದಿನ ಹಲಗೆ ಮೇಲಿಟ್ಟ.

ತೇಲಲು ಹೊಳೆಯಲ್ಲಿ ನೀರಿರಬೇಕಲ್ಲ. ಏಳು ವರ್ಷದಲ್ಲಿ ಚಾಮರಾಜನ ಒಂದು ಶರಟೂ ಹಗ್ಗದ ಮೇಲೆ ಪೂರ್ತಿ ಒಣಗದ ದೇಶದಲ್ಲಿ ಈ ಬೇಸಿಗೆ ಮಳೆ ಮಾಯವಾಗಿತ್ತು. ಹೊಳೆಯ ನಡುವೆ ಬಂಡೆಗಳು ಎಮ್ಮೆಗಳ ಹಾಗೆ ಬೆನ್ನು ಕಾಯಿಸುತ್ತಾ ಮಲಗಿದ್ದವು. ದೋಣಿ ಚಪ್ಪಟೆ ತಳದ್ದು, ಇಬ್ಬರಿಗೆ ಮಾಡಿದ್ದು. ಆಲೋಶಿಯಸ್ ಒಬ್ಬನೇ ಇಬ್ಬರಷ್ಟಿದ್ದ. ಅವನು ಕಾಲಿಟ್ಟ ತಕ್ಷಣ ದೋಣಿ ‘ಕರ್‌ರ್’ ಅಂತ ಕೂತುಬಿಟ್ಟಿತು.

“ಎಡಕ್ಕೆ ಎಳಿ ಬಾಯ್!” ಅಂದ ಕಾನ್.

“ಬಲಕ್ಕೆ ಮಾರಾಯ, ಬಲಕ್ಕೆ! ನಮ್ಮ ನೇತ್ರಾವತೀಲಿ ಎಲ್ಲ ಬಲಕ್ಕೇ,” ಅಂದ ಆಲೋಶಿಯಸ್.

ಹುಟ್ಟನ್ನು ಜೀವಮಾನದಲ್ಲಿ ಮೊದಲ ಸಲ ಹಿಡಿದಿದ್ದ ಚಾಮರಾಜ ಇಬ್ಬರಿಗೂ ಬೇಸರವಾಗದಿರಲೆಂದು ಒಂದು ಹುಟ್ಟನ್ನು ಎಳೆದು ಇನ್ನೊಂದನ್ನು ತಳ್ಳಿದ. ದೋಣಿ ರುಬ್ಬುವ ಗುಂಡಿನ ಹಾಗೆ ಇದ್ದಲ್ಲೇ ಒಂದು ಸುತ್ತು ತಿರುಗಿತು. ನಂತರದ ಮೂರು ಗಂಟೆ ಅವರು ದೋಣಿಯಲ್ಲಿ ಹೋದದ್ದಕ್ಕಿಂತ ದೋಣಿಯನ್ನು ಹೊತ್ತದ್ದೇ ಹೆಚ್ಚು. ಇಳಿ, ತಳ್ಳು, ಹತ್ತು, ಹತ್ತು ಮಾರು ತೇಲು, ಮತ್ತೆ ಕರ್‌ರ್. ಮಂಡಿ ನೋವಿನ ಕಾನ್ ಮಾತ್ರ ಒಳಗೆ ಕೂತು ಪಲ್ಲಕ್ಕಿ ಸವಾರಿ ಮಾಡಿದ.

ದಂಡೆಯ ಮೇಲೆ ನಾಯಿ ಓಡಾಡಿಸುತ್ತಿದ್ದವನೊಬ್ಬ ನಿಂತು ನೋಡಿ, “ಲ್ಯಾಡ್ಸ್, ಅಲ್ಲಿ ನೀರಿಲ್ಲ,” ಅಂತ ತಿಳಿಸಿದ.

“ಗೊತ್ತು, ಥ್ಯಾಂಕ್ಸ್,” ಅಂದ ಚಾಮರಾಜ, ದೋಣಿಯ ಮೂತಿಯನ್ನು ಭುಜದ ಮೇಲೆ ಹೊತ್ತುಕೊಂಡೇ.

“ನೆಟ್ಟಗೆ ರಸ್ತೇಲಿ ಎಳ್ಕೊಂಡು ಹೋದ್ರೆ ಬೇಗ,” ಅಂದ ಅವನು. ಅವನ ನಾಯಿ ಹೊಳೆಯನ್ನು ನಡೆದು ದಾಟಿ ತೋರಿಸಿತು. ಹೊಟ್ಟೆಯ ಕೂದಲೂ ನೆನೆಯಲಿಲ್ಲ.

ಪ್ರತಿ ನಿಲುಗಡೆಯಲ್ಲೂ ಚಾಮರಾಜ ದಂಡೆಯ ಮುಳ್ಳುಪೊದೆಗೆ ನುಗ್ಗಿ ಬ್ಲ್ಯಾಕ್‌ಬೆರಿ ಕಿತ್ತು ತಂದು ಡಬ್ಬಿಗೆ ಸುರಿದ. ಅರ್ಧ ಡಬ್ಬಿ ಆಗುವಷ್ಟರಲ್ಲಿ ಕೈ ಎರಡೂ ಬೆಕ್ಕಿನ ಜೊತೆ ಜಗಳವಾಡಿದ ಹಾಗೆ ಗೀರಿಹೋಗಿದ್ದವು.

“ಏನು ಬಾಯ್ ಅದು?” ಕಾನ್ ಕೇಳಿದ.

“ಮೀನಿಗೆ... ಮೆತ್ತಗಿರಲಿ ಅಂತ,” ಅಂದ ಚಾಮರಾಜ.

ಮಧ್ಯಾಹ್ನ ನಾಗಮಣಿ ಕಟ್ಟಿಕೊಟ್ಟಿದ್ದ ಚಿತ್ರಾನ್ನವನ್ನು ಒಂದು ಬಂಡೆಯ ಮೇಲೆ ಕೂತು ತಿಂದರು. ಕಾನ್ ಕರಿಬೇವನ್ನೂ ಬಿಡದೆ ಅಗಿದು, ನಿಧಾನವಾಗಿ ಹರಿಯುವ ನೀರನ್ನು ನೋಡುತ್ತಾ, “ಹೋದ ವರ್ಷದವರೆಗೂ ನನ್ನ ಗೆಳೆಯ ಟಿಮ್ ಹುಟ್ಟು ಹಾಕ್ತಿದ್ದ. ನಲವತ್ತು ವರ್ಷ. ನಿನಗಿಂತ ಕೆಟ್ಟದಾಗಿ,” ಅಂದ. ಟಿಮ್‌ನ ಅಂತ್ಯಕ್ರಿಯೆಗೆ ಚಾಮರಾಜನೂ ಹೋಗಿದ್ದ. ಆಫೀಸು, ಸ್ಕೂಲು, ಪಾತ್ರೆ ಅಂತ ಓಡುವುದರಲ್ಲಿ ಆಮೇಲೆ ಕಾನ್ ಹೇಗಿದ್ದಾನೆ ಅಂತ ಕೂತು ಕೇಳಿರಲಿಲ್ಲ. ಅವನು ತನ್ನ ಪಾಲಿನ ಚಿತ್ರಾನ್ನವನ್ನೂ ಕಾನ್ ಮುಂದೆ ಸರಿಸಿದ.

ಮೂರು ಗಂಟೆಗೆ ಕೊನೆಯ ಮಡು ಸಿಕ್ಕಿತು. ಆಳವಾಗಿ, ಕರಿ ಚಹಾದ ಬಣ್ಣಕ್ಕೆ, ಮರಗಳ ನೆರಳಲ್ಲಿತ್ತು. ಅದರ ಕೆಳಗೆ ಹಳೇ ಕಟ್ಟೆ, ಕಟ್ಟೆಯಿಂದ ನೀರು ಧುಮ್ಮಿಕ್ಕುತ್ತಿತ್ತು. ಇರುವ ನೀರೆಲ್ಲ ಅಲ್ಲೇ ಸೇರಿಕೊಂಡಂತಿತ್ತು. ದೋಣಿ ಜಲ್ಲಿಯ ದಿಣ್ಣೆಗೆ ಮೂತಿ ತಾಗಿಸಿ ನಿಂತಿತು. ಕಾನ್ ಎದ್ದು ನಿಂತು ಗಾಳ ಬೀಸಿದ. ಆ ಕ್ಷಣ ಅವನಿಗೆ ಮಂಡಿಯೂ ಇರಲಿಲ್ಲ, ವಯಸ್ಸೂ ಇರಲಿಲ್ಲ. ದಾರ ಗಾಳಿಯಲ್ಲಿ ಉದ್ದಕ್ಕೆ ಬಿಚ್ಚಿಕೊಂಡು ನೀರಿನ ಮೇಲೆ ಕೂದಲಿನಷ್ಟು ಮೆತ್ತಗೆ ಕೂತಿತು. ಒಂದು ಸಲ. ಹತ್ತು ಸಲ. ಇಪ್ಪತ್ತು ಸಲ.

ಚಾಮರಾಜ ನಂಜನಗೂಡಿನ ನಂಜುಂಡೇಶ್ವರನನ್ನು ನೆನೆದ. ‘ಮೀನು ಸಿಗಲಿ ಸ್ವಾಮಿ, ಪಾಪ ಮುದುಕ. ಆದರೆ ಡಬ್ಬಿಗೆ ಬೇಡ. ಸಿಗಲಿ. ಸಿಕ್ಕರೂ ಚಿಕ್ಕದು. ಅಲ್ಲ, ದೊಡ್ಡದೇ ಸಿಗಲಿ, ಡಬ್ಬಿಗೆ ಹಿಡಿಸದಷ್ಟು ದೊಡ್ಡದು.’

ನಂಜುಂಡೇಶ್ವರ ಕೊನೆಯ ಮಾತಷ್ಟನ್ನೇ ಕೇಳಿಸಿಕೊಂಡನೋ ಏನೋ, ಕೋಲು ಬಿಲ್ಲಿನ ಹಾಗೆ ಬಾಗಿತು. ನೀರಿನಿಂದ ಬೆಳ್ಳಿಯದೊಂದು ತೊಲೆ ಎದ್ದು, ಬಿಸಿಲಿಗೆ ಮಿಂಚಿ, ಧೊಪ್ಪನೆ ಬಿತ್ತು.

“ಓ ಜೇಜೂ!” ಆಲೋಶಿಯಸ್ ಚೀರಿದ. “ಹತ್ತು ಕಿಲೋ ಉಂಟು ಮಾರಾಯ! ತಲೆಯೇ ಎರಡು ದಿನಕ್ಕೆ ಬರ್ತದೆ!”

“ಬಲೆ ತಗೊ! ಕೂತ್ಕೊಂಡೇ ಹಿಡಿ!” ಕಾನ್ ಕೂಗಿದ.

ಅಂಥ ಮೀನಿನೆದುರು ಕೂತಿರುವುದು ಆಲೋಶಿಯಸ್‌ನ ರಕ್ತದಲ್ಲೇ ಇರಲಿಲ್ಲ. ಉದ್ದ ಹಿಡಿಯ ಬಲೆ ಹಿಡಿದು ಎದ್ದು ನಿಂತ. ದೋಣಿ ಅವನ ಕಡೆಗೆ ವಾಲಿತು. ಅವನು ಹೆದರಿ ಈ ಕಡೆಗೆ ಬಂದ. ದೋಣಿಯೂ ಈ ಕಡೆಗೆ ಬಂತು. ಚಾಮರಾಜ ಚೀಲ ಜಾರಿದ ಹಾಗೆ ಸೊಂಟಮಟ್ಟದ ನೀರಿಗೆ ಜಾರಿದ. ಅವನ ಹಿಂದೆಯೇ ಡಬ್ಬಿ ಜಾರಿತು. ಮುಚ್ಚಳ ಬಿಗಿಯಾಗಿತ್ತು, ಮುಳುಗಲಿಲ್ಲ. ‘ಚನ್ನಮ್ಮ, ಟಿ. ನರಸೀಪುರ’ ಆಕಾಶ ನೋಡುತ್ತಾ, ಅವಸರವಿಲ್ಲದೆ, ಕಟ್ಟೆಯ ಕಡೆಗೆ ಹೊರಟಿತು.

“ಡಬ್ಬಿ! ಕಾನ್, ಡಬ್ಬಿ!”

ಆಲೋಶಿಯಸ್ ಬಲೆ ಕೆಳಗೆ ಹಾಕಿ ಎರಡೂ ಕೈಯಲ್ಲಿ ದೋಣಿಯ ಅಂಚು ತಬ್ಬಿಕೊಂಡು ಪ್ರಾರ್ಥನೆಗೆ ತೊಡಗಿದ್ದ. ಡಬ್ಬಿ ದೋಣಿಯ ಹಿಂಬದಿಯಿಂದ ಒಂದು ಮಾರು ದೂರದಲ್ಲಿ ಹಾಯುತ್ತಿತ್ತು. ಇನ್ನೆರಡು ಕ್ಷಣ ತಪ್ಪಿದರೆ ಕಟ್ಟೆ. ಕಾನ್ ಮೀನಿನ ಕಡೆ ನೋಡಿದ. ಬೇಸಿಗೆಯೆಲ್ಲ ಕಾದ ಮೀನು. ಡಬ್ಬಿಯ ಕಡೆ ನೋಡಿದ. ಕೋಲನ್ನು ದೋಣಿಯೊಳಕ್ಕೆ ಬಿಸಾಕಿ, ಬಲೆ ಎತ್ತಿಕೊಂಡು, ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದ.

ಟಪ್ ಅಂತ ದಾರ ಹರಿಯಿತು. ಡಬ್ಬಿ ಬಲೆಯೊಳಗಿತ್ತು.

ಚಾಮರಾಜ ಸೊಂಟದ ನೀರಲ್ಲಿ ನಿಂತು ನಡುಗುತ್ತಾ, “ಕಾನ್, ನಿಮ್ಮ ಮೀನು...” ಅಂದ.

“ಮೀನು ಇನ್ನೊಂದು ಬರುತ್ತೆ ಬಾಯ್. ಅತ್ತೆ ನಿನಗೆ ಒಬ್ಬರೇ.”

ಚಾಮರಾಜನಿಂದ ಇನ್ನು ತಡೆಯಲಾಗಲಿಲ್ಲ. “ಕಾನ್, ನಾವು ಮೀನು ತಿನ್ನಲ್ಲ! ಏಳು ವರ್ಷದಿಂದ ಸುಳ್ಳು ಹೇಳ್ತಿದೀನಿ. ಆ ಕ್ರಿಸ್‌ಮಸ್‌ನಲ್ಲಿ ನೀವು ಬಡಿಸಿದ್ದನ್ನ...”

“ಹೂಕುಂಡದ ಹಿಂದೆ ಇಟ್ಟೆ,” ಅಂದ ಕಾನ್. “ಬ್ರೀಡಾಳ ಬೆಕ್ಕು ಇವತ್ತಿಗೂ ಆ ಕುಂಡದ ಪಕ್ಕ ಕಾಯುತ್ತೆ.”

“ಗೊತ್ತಿತ್ತಾ? ಮತ್ತೆ ಈ ಸಾಲ್ಮನ್, ಡಬ್ಬಿ...”

ಕಾನ್ ಡಬ್ಬಿಯನ್ನು ಶರಟಿನ ತೋಳಿಂದ ಒರೆಸಿದ. “ಮಂಡಿ ಆಪರೇಷನ್ ಅಂತಾರೆ ಮುಂದಿನ ತಿಂಗಳು. ಒಂದು ಸಲ ಹೊಳೆ ಇಳೀಬೇಕಿತ್ತು. ಬಾ ಅಂತ ಕರೆದಿದ್ರೆ ನೀನು ಕನಿಕರದಿಂದ ಬರ್ತಿದ್ದೆ. ನನಗೆ ಕನಿಕರ ಬೇಡ. ಗಾಳಕ್ಕೆ ಏನಾದ್ರೂ ಸಿಕ್ಕಿಸಬೇಕಲ್ಲ, ಡಬ್ಬಿ ಸಿಕ್ಕಿಸಿದೆ. ಐದು ತಿಂಗಳು ಆಯ್ತು ನೀನು ಕಚ್ಚೋಕೆ.”

ಆಲೋಶಿಯಸ್ ಮಾತ್ರ ಅಳುಮುಖ ಮಾಡಿದ್ದ. “ರೋಸಿ ಮಸಾಲೆ ಅರೆದಿದ್ದಾಳೆ,” ಅಂತ ಹೊಳೆಗೆ ಹೇಳಿದ.

ಚಾಮರಾಜ ಡಬ್ಬಿಗೆ ಕೈ ಚಾಚಿದ. ಕಾನ್ ಹಿಂದಕ್ಕೆ ಎಳೆದುಕೊಂಡ. “ಇದರಲ್ಲಿರೋದು ನೀನು ಕಿತ್ತ ಹಣ್ಣು. ನಿನ್ನದನ್ನೇ ನಿನಗೆ ಕೊಟ್ರೆ ಅದು ಶಾಸ್ತ್ರ ಆಗುತ್ತಾ? ಐದೂವರೆಗೆ ನಿಮ್ಮನೆಗೇ ಕಳಿಸ್ತೀನಿ.”

ಐದೂವರೆಗೆ ಬ್ರೀಡಾ ಬಂದಳು. ಕೈಯಲ್ಲಿ ಡಬ್ಬಿ, ಡಬ್ಬಿಗೆ ಕೆಂಪು ರಿಬ್ಬನ್. ನಾಗಮಣಿ ಅದನ್ನು ಕಳೆದುಹೋದ ಮಗುವಿನ ಹಾಗೆ ಎದೆಗೊತ್ತಿಕೊಂಡಳು. ಚಾಮರಾಜನಿಗೆ ಕಣ್ಣು ಒದ್ದೆಯಾಯಿತು. ಎಂಥ ನೆರೆಯವರು! ಹುಟ್ಟಿದ ಊರಲ್ಲೂ ಸಿಗುತ್ತಿರಲಿಲ್ಲವೇನೋ. ಡಬ್ಬಿ ಅಲ್ಲಾಡಿಸಿದರೆ ಒಳಗೆ ಕಣಕಣ ಸದ್ದು. ಮುಚ್ಚಳ ತೆಗೆದರು. ಒಂದು ಬೀಗದ ಕೈ, ಒಂದು ಚೀಟಿ. ‘ಡಬ್ಬಿ ಖಾಲಿ ಕಳಿಸಿಲ್ಲ. ಮಂಡಿ ಸರಿಹೋದ ಮೇಲೆ ಪ್ರತಿ ಶನಿವಾರ ನೀನೇ ಹುಟ್ಟು ಹಾಕಬೇಕು. ಕಾನ್.’

ಹೊರಗೆ ಜೀಪು ಗುರುಗುಟ್ಟಿತು. ಓಡಿಹೋಗಿ ನೋಡಿದರೆ ಕಾನ್ ದೋಣಿಯನ್ನು ಬೀಗ ಹಾಕಿದ ಟ್ರೇಲರ್ ಸಮೇತ ಇವರ ಅಂಗಳಕ್ಕೆ ಹಿಂದು ಹಿಂದಾಗಿ ತಳ್ಳಿ ನಿಲ್ಲಿಸಿ ಇಳಿಯುತ್ತಿದ್ದ. ಚಾಮರಾಜನ ಕಾರು ಗೋಡೆಗೂ ದೋಣಿಗೂ ನಡುವೆ ಸ್ಯಾಂಡ್‌ವಿಚ್ಚಿನೊಳಗಿನ ಸೌತೆಕಾಯಿಯಾಗಿತ್ತು. ಬ್ರೀಡಾ ಬೇಲಿಯಾಚೆ ತನ್ನ ಹಿತ್ತಲಲ್ಲಿ ಆಗಲೇ ಹೊಸ ಹಗ್ಗ ಕಟ್ಟುತ್ತಾ ಹಾಡು ಗುನುಗುತ್ತಿದ್ದಳು.

“ರೀ,” ನಾಗಮಣಿ ಮೆಲ್ಲಗೆ ಅಂದಳು, “ದೋಣಿಗೆ ವಾಪಸ್ ಏನು ಕೊಡೋದು?”

ಕಾರು ಹೊರಗೆ ತೆಗೆಯಲು ಬರುವಂತಿರಲಿಲ್ಲ. ಕೊನೆಗೆ ಏರ್‌ಪೋರ್ಟಿಗೂ ಕಾನ್‌ನ ಜೀಪೇ ಹೋಯಿತು.

ಚನ್ನಮ್ಮನವರು ಮನೆಗೆ ಬಂದವರೇ ಅಡುಗೆಮನೆಗೆ ಹೋದರು. ನಾಗಮಣಿ ಡಬ್ಬಿಯನ್ನು ಎದುರಿಗೇ ಇಟ್ಟಿದ್ದಳು. ಅವರು ಅದರ ಕಡೆ ನೋಡಿ, “ಇದಿನ್ನೂ ಇಟ್ಕೊಂಡಿದೀಯೇನೇ? ಆ ಪಕ್ಕದ್ಮನೆ ಪುಣ್ಯಾತ್ಮನಿಗೆ ಯಾವತ್ತೋ ಕೊಟ್ಟಿರ್ತೀಯ ಅಂದ್ಕೊಂಡಿದ್ದೆ,” ಅಂದು ಸೂಟ್‌ಕೇಸ್ ಕಡೆ ತಿರುಗಿದರು. “ಅಳಿಯಂದ್ರೇ, ಅವರಿಬ್ಬರನ್ನೂ ಒಳಗೆ ಕರೀರಿ.”

ಕಾನ್, ಬ್ರೀಡಾ ಬಂದು ಕೂತರು. ಚನ್ನಮ್ಮನವರು ಕಾನ್ ಮುಂದೆ ನಿಂತು ಎರಡೂ ಕೈ ಜೋಡಿಸಿದರು. “ನನ್ನ ಮಗಳನ್ನ ಆ ಹಿಮದಲ್ಲಿ ಕರ್ಕೊಂಡು ಹೋದ್ರಲ್ಲಪ್ಪ,” ಅಂದರು ಕನ್ನಡದಲ್ಲೇ. ಕಾನ್‌ಗೆ ಯಾರೂ ಹೇಳದೆಯೇ ಅರ್ಥವಾಯಿತು. ಅವನು ಎದ್ದು ನಿಂತು ಟೋಪಿ ತೆಗೆದ.

ಆಮೇಲೆ ಅವರು ಸೂಟ್‌ಕೇಸ್ ತೆರೆದರು. ಒಳಗೆ ಹೊಚ್ಚಹೊಸ ಸ್ಟೀಲ್ ಡಬ್ಬಿಗಳು. ಚಕ್ಕುಲಿ, ನಿಪ್ಪಟ್ಟು, ಕೊಬ್ಬರಿ ಮಿಠಾಯಿ, ಎಲ್ಲ ತುಂಬಿ, ಎಲ್ಲದರ ಮುಚ್ಚಳದ ಮೇಲೂ ಚುಕ್ಕೆ ಅಕ್ಷರದಲ್ಲಿ ‘ಚನ್ನಮ್ಮ’ ಅಂತ ಕೊರೆಸಿ. “ಮೊಮ್ಮಗಳಿಗೆ ಏಳು ವರ್ಷ, ಅದಕ್ಕೆ ಇವರಿಗೆ ಏಳು ಡಬ್ಬಿ. ತಿಂದು ನಿಧಾನವಾಗಿ ವಾಪಸ್ ಕೊಡಲಿ, ಅವಸರ ಇಲ್ಲ ಅಂತ ಹೇಳಿ.”

ಚಾಮರಾಜ ಹೇಳಿದ. ಬೇರೆ ದಾರಿ ಇರಲಿಲ್ಲ.

ಬ್ರೀಡಾ ಏಳು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಒಂದು ಸಲ ಎಣಿಸಿದಳು. ಆಮೇಲೆ ಕಿಟಕಿಯಿಂದ ತನ್ನ ಹಿತ್ತಲಿನ ಕಡೆ ನೋಡಿ, ತುಟಿ ಅಲ್ಲಾಡಿಸುತ್ತಾ ಇನ್ನೊಂದು ಸಲ ಎಣಿಸಿದಳು.

“ಚಾಮ್,” ಅಂದಳು ಅಕ್ಕರೆಯಿಂದ, “ನಿಮ್ಮ ಹಾಲ್‌ನಲ್ಲಿ ಪಿಯಾನೋ ಹಿಡಿಸುತ್ತಾ ಬಾಯ್?”